ಬಾಯ್ಲರ್ ಟ್ಯೂಬು, ಟೇಲ್-ಎಂಡ್ ಕಾಲುವೆ ಮತ್ತು ತಲೆಯೊಳಗಿನ ರಕ್ತನಾಳ

ನಮ್ಮ ಬ್ಯಾಚಿನ ಗೆಳೆಯನೊಬ್ಬನ ಊರು ದೇವಸುಗೂರು. ರಾಯಚೂರಿನಿಂದ ಹೈದರಾಬಾದ್ ಕಡೆ ಹೊರಟರೆ ಕೃಷ್ಣೆಯ ಸೇತುವೆ ಬರುವುದಕ್ಕೆ ಮೊದಲು ಎಡಬಲಕ್ಕೆ ಚಿಮಣಿಗಳು ಕಾಣುತ್ತವಲ್ಲ, ಅದೇ ಶಕ್ತಿನಗರ. ಪಕ್ಕದಲ್ಲೇ ಸೂಗೂರೇಶ್ವರನ ಗುಡಿ ಇರುವ ಊರು. ಒಂದು ಮೇ ತಿಂಗಳ ಬೆಳಿಗ್ಗೆ ಅವನ ಚಿಕ್ಕಮ್ಮ ಕೊಡ ತುಂಬಿಸಿಕೊಂಡು ಎದ್ದವರು ಹಾಗೇ ಕುಸಿದು ಕೂತರಂತೆ. "ತಲಿಯಾಗ ಏನೋ ಒಡ್ದಂಗಾತು" ಅಂದರಂತೆ. ಆಮೇಲೆ ವಾಂತಿ. ರಾಯಚೂರಿನ ಮೇ ತಿಂಗಳು ಅಂದಮೇಲೆ ಎಲ್ಲರಿಗೂ ಹೊಳೆಯುವುದು ಒಂದೇ: ಬಿಸಿಲು ಹತ್ತಿದೆ. ಮಜ್ಜಿಗೆ ಕುಡಿಸಿದರು, ತಲೆಗೆ ಒದ್ದೆ ಬಟ್ಟೆ ಕಟ್ಟಿದರು. ಹತ್ತಿರದ ಒಬ್ಬರು ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ ಕೊಟ್ಟರು. ಮರುದಿನ ಬೆಳಿಗ್ಗೆ ಬಲಗಣ್ಣಿನ ರೆಪ್ಪೆ ಇಳಿದುಬಿಟ್ಟಿತ್ತು. ಕೈಯಿಂದ ಎತ್ತಿ ನೋಡಿದರೆ ಒಳಗೆ ಪಾಪೆ ಹಿಗ್ಗಿಕೊಂಡು ಕೂತಿತ್ತು. ಆಗ ರಾಯಚೂರಿಗೆ ಓಡಿದರು. ಸಿಟಿ ಸ್ಕ್ಯಾನಿನಲ್ಲಿ ಮೆದುಳಿನ ಸುತ್ತ ರಕ್ತ ಕಂಡಿತು.

ಆ ಒಂದು ದಿನದ ಕತೆಯನ್ನು ಹಾಸ್ಟೆಲ್ಲಿನಲ್ಲಿ ಕೇಳಿದ ಮೇಲೆ ನಾವು ಮೂರ್ನಾಲ್ಕು ಜನ ಕೂತು ಓದಿದೆವು. ಓದುತ್ತಾ ಹೋದಂತೆ ಗೊತ್ತಾದದ್ದು ಏನಂದ್ರೆ, ಇದರಲ್ಲಿ ಅರ್ಧದಷ್ಟು ನಮ್ಮ ಸಿಲಬಸ್ಸೇ. ಮೆಕ್ಯಾನಿಕಲ್‌ನವರ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಸಿವಿಲ್‌ನವರ ಫ್ಲೂಯಿಡ್ ಮೆಕ್ಯಾನಿಕ್ಸ್, ಎಲೆಕ್ಟ್ರಿಕಲ್‌ನವರ ರಿಂಗ್ ಮೇನ್, ಮೊದಲ ಸೆಮ್‌ನ ಎಲೆಕ್ಟ್ರೋಕೆಮಿಸ್ಟ್ರಿ ಎಲ್ಲಾ ಇವೆ. ನಾವು ಡಾಕ್ಟರಲ್ಲ, ಚಿಕಿತ್ಸೆ ಹೇಳುವ ಹಕ್ಕೂ ನಮಗಿಲ್ಲ. ಆದರೆ ಆ ಆಪರೇಷನ್‌ಗಳು ಹೇಗೆ ಕೆಲಸ ಮಾಡುತ್ತವೆ, ಯಾಕೆ ಕೆಲವು ಸಲ ಕೆಲಸ ಮಾಡಲ್ಲ ಅನ್ನುವುದನ್ನು ನಮ್ಮ ಭಾಷೆಯಲ್ಲಿ ಹೇಳಬಹುದು.

ತಲೆಯೊಳಗಿನ ರಿಂಗ್ ಮೇನ್

ಮೆದುಳು ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಶೇ. 20ರಷ್ಟನ್ನು ಅದೊಂದೇ ತಿನ್ನುತ್ತದೆ. ಕೂಡಿಡುವ ಗೋದಾಮು ಅದಕ್ಕಿಲ್ಲ, ಸರಬರಾಜು ಸತತವಾಗಿರಬೇಕು. ಕುತ್ತಿಗೆಯಿಂದ ನಾಲ್ಕು ದೊಡ್ಡ ನಾಳಗಳು ಮೇಲೇರುತ್ತವೆ. ಮುಂದೆ ಎರಡು ಕ್ಯಾರೋಟಿಡ್, ಹಿಂದೆ ಬೆನ್ನುಮೂಳೆಯ ಪಕ್ಕದಿಂದ ಎರಡು ವರ್ಟೆಬ್ರಲ್. ತಲೆಬುರುಡೆಯ ತಳದಲ್ಲಿ ಇವೆಲ್ಲಾ ಸೇರಿ ಒಂದು ಉಂಗುರವಾಗುತ್ತವೆ. ಇದಕ್ಕೆ ವಿಲ್ಲಿಸ್ ವೃತ್ತ ಅಂತ ಹೆಸರು. ಥಾಮಸ್ ವಿಲ್ಲಿಸ್ 1664ರಲ್ಲಿ ಇದನ್ನು ವಿವರಿಸಿದ. ಆ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ ಕ್ರಿಸ್ಟೋಫರ್ ರೆನ್ ಒಬ್ಬ, ಅಂದರೆ ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಿದ ಅದೇ ವಾಸ್ತುಶಿಲ್ಪಿ.

ಎಲೆಕ್ಟ್ರಿಕಲ್ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಫೀಡರ್ ಹೋದರೆ ಇನ್ನೊಂದು ಕಡೆಯಿಂದ ಕರೆಂಟ್ ಬರುವ ಹಾಗೆ ರಿಂಗ್ ಇದೆ. ಒಂದೇ ಕೊರತೆ ಅಂದ್ರೆ, ಎಲ್ಲರ ತಲೆಯಲ್ಲೂ ಈ ಉಂಗುರ ಪೂರ್ತಿ ಇರುವುದಿಲ್ಲ. ಕೆಲವರಲ್ಲಿ ಒಂದು ಕೊಂಡಿ ತೀರಾ ಸಣ್ಣದು, ಕೆಲವರಲ್ಲಿ ಇಲ್ಲವೇ ಇಲ್ಲ. ಒಂದೇ ಜಾಗದಲ್ಲಿ ಬ್ಲಾಕ್ ಆದ ಇಬ್ಬರಲ್ಲಿ ಒಬ್ಬರಿಗೆ ಏನೂ ಆಗದೆ ಇನ್ನೊಬ್ಬರ ಕೈಕಾಲು ಬಿದ್ದುಹೋಗುವುದಕ್ಕೆ ಇದೂ ಒಂದು ಕಾರಣ.

ಉಬ್ಬು

ಅನ್ಯೂರಿಸಂ ಅಂದರೆ ರಕ್ತನಾಳದ ಗೋಡೆ ಒಂದು ಕಡೆ ಸೋತು ಹೊರಗೆ ಉಬ್ಬುವುದು. ಹಳೇ ಸೈಕಲ್ ಟ್ಯೂಬಿನ ಮೇಲೆ ಗುಳ್ಳೆ ಬಂದಂತೆ. ಮೆದುಳಿನಲ್ಲಿ ಇದು ಹೆಚ್ಚಾಗಿ ಬರುವುದು ನಾಳ ಕವಲೊಡೆಯುವ ಜಾಗದಲ್ಲಿ, ವಿಲ್ಲಿಸ್ ವೃತ್ತದ ಆಸುಪಾಸಿನಲ್ಲಿ. ಕವಲಿನ ತುದಿಗೆ ರಕ್ತ ನೇರವಾಗಿ ಬಂದು ಬಡಿಯುತ್ತದೆ, ದಿನಕ್ಕೆ ಲಕ್ಷ ಸಲ. ಸಾಲದ್ದಕ್ಕೆ ತಲೆಯೊಳಗಿನ ನಾಳಗಳ ಗೋಡೆ ದೇಹದ ಬೇರೆ ಕಡೆಯ ನಾಳಗಳಿಗಿಂತ ತೆಳು. ಹೊರಗಿನ ಎಲಾಸ್ಟಿಕ್ ಪದರ ಅಲ್ಲಿಲ್ಲ. ಇದಕ್ಕೆ ಬಿಪಿ ಮತ್ತು ಸಿಗರೇಟು ಸೇರಿದರೆ ಗೋಡೆ ಇನ್ನಷ್ಟು ಸೋಲುತ್ತದೆ. ಹಾಸ್ಟೆಲ್ ಹಿಂದಿನ ಕಾಂಪೌಂಡ್ ಗೋಡೆ ಹತ್ತಿರ ಸೇರುವ ಗೆಳೆಯರು ಈ ವಾಕ್ಯವನ್ನು ಎರಡು ಸಲ ಓದಬೇಕಾಗಿ ವಿನಂತಿ.

ಈಗ ಒಂದು ಲೆಕ್ಕ. ಒತ್ತಡವಿರುವ ತೆಳು ಕೊಳವೆಯ ಗೋಡೆಯಲ್ಲಿ ಹೂಪ್ ಸ್ಟ್ರೆಸ್ ಎಷ್ಟು? ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿದಷ್ಟು. ಗೋಳವಾದರೆ ಅದರ ಅರ್ಧ. ಬಿಪಿ 120 ಅಂದರೆ ಸುಮಾರು 16 ಕಿಲೋಪಾಸ್ಕಲ್. ಲೆಕ್ಕದ ಅನುಕೂಲಕ್ಕೆ ನಾಳದ ತ್ರಿಜ್ಯ 1.5 ಮಿ.ಮೀ., ಗೋಡೆ 0.3 ಮಿ.ಮೀ. ಅಂತ ಹಿಡಿಯೋಣ. ಸ್ಟ್ರೆಸ್ 80 ಕಿಲೋಪಾಸ್ಕಲ್ ಬಂತು. ಅದೇ ಕವಲಿನಲ್ಲಿ 4 ಮಿ.ಮೀ. ತ್ರಿಜ್ಯದ ಗುಳ್ಳೆ ಎದ್ದು, ಹಿಗ್ಗಿದ್ದರಿಂದ ಗೋಡೆ 0.1 ಮಿ.ಮೀ.ಗೆ ಇಳಿದಿದ್ದರೆ? ಗೋಳದ ಸೂತ್ರ ಹಾಕಿದರೂ 320 ಕಿಲೋಪಾಸ್ಕಲ್, ಅಂದರೆ ನಾಲ್ಕು ಪಟ್ಟು. ಸಿಟ್ಟಿನಲ್ಲೋ, ಭಾರ ಎತ್ತುವಾಗಲೋ ಬಿಪಿ 180ಕ್ಕೆ ಏರಿತು ಅನ್ನಿ, 480. ಉಬ್ಬಿದಷ್ಟೂ ತೆಳುವಾಗುತ್ತದೆ, ತೆಳುವಾದಷ್ಟೂ ಉಬ್ಬುತ್ತದೆ. ನಿಜವಾದ ಗೋಡೆ ಸ್ಟೀಲಿನ ಹಾಗೆ ಏಕರೂಪವಲ್ಲ, ಅದು ಜೀವಂತ ಅಂಗಾಂಶ, ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಲೂ ಇರುತ್ತದೆ. ಅದಕ್ಕೇ ಎಷ್ಟೋ ಉಬ್ಬುಗಳು ಜೀವಮಾನವಿಡೀ ಒಡೆಯುವುದಿಲ್ಲ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂರು ಜನರಿಗೆ ಇಂಥ ಒಂದು ಉಬ್ಬು ಇರುತ್ತದೆ ಅಂತ ಲೆಕ್ಕ. ಹೆಚ್ಚಿನವರಿಗೆ ಅದು ಗೊತ್ತೇ ಆಗಲ್ಲ.

ಶಕ್ತಿನಗರದ ಥರ್ಮಲ್ ಸ್ಟೇಷನ್ನಿನಲ್ಲಿ ಎಂಟು ಘಟಕಗಳಿವೆ: 210 ಮೆಗಾವಾಟಿನವು ಏಳು, 250ರದ್ದು ಒಂದು, ಒಟ್ಟು 1720 ಮೆಗಾವಾಟ್. ಮೊದಲನೆಯದು ಶುರುವಾದದ್ದು 1985ರಲ್ಲಿ. ಅಲ್ಲಿ ಯಾರನ್ನಾದರೂ ಕೇಳಿ, ಯೂನಿಟ್ ಯಾಕೆ ನಿಲ್ತು ಅಂದರೆ ಬರುವ ಉತ್ತರಗಳಲ್ಲಿ "ಟ್ಯೂಬ್ ಲೀಕೇಜ್" ಒಂದು ಇದ್ದೇ ಇರುತ್ತದೆ. ಬಾಯ್ಲರ್ ಟ್ಯೂಬಿನ ಗೋಡೆ ಬೂದಿ ಉಜ್ಜಿ, ಬಿಸಿಗೆ ಸೋತು, ತೆಳುವಾದ ಕಡೆ ಉಬ್ಬಿ ಒಡೆಯುತ್ತದೆ. ಓವರ್‌ಹಾಲ್ ಸಮಯದಲ್ಲಿ ಅಲ್ಟ್ರಾಸೌಂಡ್ ಹಿಡಿದು ದಪ್ಪ ಅಳೆದು, ತೆಳುವಾದ ತುಂಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುತ್ತಾರೆ. ಗೆಳೆಯನ ಅಪ್ಪ ಅಲ್ಲೇ ಗುತ್ತಿಗೆ ಕೆಲಸದಲ್ಲಿದ್ದವರು. ಡಾಕ್ಟರು ಚಿತ್ರ ಬರೆದು ವಿವರಿಸಿದಾಗ ಮನೆಯಲ್ಲಿ ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅವರಿಗಂತೆ. ಅವರು ಕೇಳಿದ ಪ್ರಶ್ನೆ ಇದು: "ಸಾಹೇಬ್ರ, ಶಟ್‌ಡೌನ್ ತಗೊಳ್ಳಾಕ ಬರಲ್ಲಲ್ರೀ, ಮತ್ತ ಹೆಂಗ ರಿಪೇರಿ ಮಾಡ್ತೀರಿ?"

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲೇ ಇದೆ.

ಒಡೆದಾಗ

ಉಬ್ಬು ಒಡೆದರೆ ರಕ್ತ ಮೆದುಳಿನ ಹೊದಿಕೆಯ ಕೆಳಗೆ ಹರಡುತ್ತದೆ. ಸಬ್‌ಅರಾಕ್ನಾಯ್ಡ್ ರಕ್ತಸ್ರಾವ ಅಂತ ಇದರ ಹೆಸರು. ಒಟ್ಟು ಪಾರ್ಶ್ವವಾಯು ಪ್ರಕರಣಗಳಲ್ಲಿ ಇದು ಶೇ. 5ರಷ್ಟು ಮಾತ್ರ, ಆದರೆ ಬರುವುದು ದುಡಿಯುವ ವಯಸ್ಸಿನಲ್ಲಿ, ಮತ್ತು ಕೊಲ್ಲುವುದು ಬಹಳ ಜನರನ್ನು. ಇದರ ತಲೆನೋವು ನಿಧಾನಕ್ಕೆ ಏರುವುದಿಲ್ಲ. ಸೆಕೆಂಡುಗಳಲ್ಲಿ ತುತ್ತತುದಿಗೆ ಹೋಗುತ್ತದೆ. "ಜೀವಮಾನದಲ್ಲಿ ಇಂಥದ್ದು ಬಂದಿಲ್ಲ" ಅನ್ನುತ್ತಾರೆ. ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ಬೆಳಕು ಕಂಡರಾಗದಿರುವುದು, ಕೆಲವರಿಗೆ ಪ್ರಜ್ಞೆ ತಪ್ಪುವುದು. ಬಿಸಿಲಿನ ಹೊಡೆತವೂ ತಲೆನೋವು, ವಾಂತಿ ತರುತ್ತದೆ ನಿಜ. ಆದರೆ ಅದು ಸಿಡಿಲಿನ ಹಾಗೆ ಒಂದು ಕ್ಷಣದಲ್ಲಿ ಬರಲ್ಲ, ಮತ್ತು ಮೈ ಕೆಂಡದಂತೆ ಸುಡುತ್ತಿರುತ್ತದೆ. ಚಿಕ್ಕಮ್ಮನ ಮೈ ಸುಡುತ್ತಿರಲಿಲ್ಲ. ಆವತ್ತು ಯಾರೂ ಮುಟ್ಟಿ ನೋಡಿ ಯೋಚಿಸಲಿಲ್ಲ, ಅಷ್ಟೇ.

ರೆಪ್ಪೆ ಯಾಕೆ ಇಳಿಯಿತು? ಕಣ್ಣನ್ನು ಆಡಿಸುವ, ರೆಪ್ಪೆಯನ್ನು ಎತ್ತುವ, ಪಾಪೆಯನ್ನು ಕಿರಿದಾಗಿಸುವ ಮೂರನೇ ಕಪಾಲ ನರ ವಿಲ್ಲಿಸ್ ವೃತ್ತದ ಹಿಂಭಾಗದ ಕೊಂಡಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಆ ಜಾಗದಲ್ಲಿ ಉಬ್ಬಿದರೆ ನರ ಒತ್ತುತ್ತದೆ. ಒಡೆಯುವುದಕ್ಕೂ ಮೊದಲೇ, ತಲೆನೋವಿನ ಜೊತೆ ಒಂದು ರೆಪ್ಪೆ ಇಳಿದು ಪಾಪೆ ಹಿಗ್ಗಿದರೆ ಅದು ದೇಹ ಕೊಡುವ ಅಲಾರಂ.

ಒಡೆದ ಉಬ್ಬಿನ ಬಾಯಿ ಒಂದು ಹೆಪ್ಪಿನಿಂದ ಮುಚ್ಚಿಕೊಂಡಿರುತ್ತದೆ. ಅದಕ್ಕೇ ರೋಗಿ ಬದುಕಿರುತ್ತಾನೆ. ಆ ಹೆಪ್ಪು ಕಿತ್ತುಬಂದು ಮತ್ತೆ ರಕ್ತ ಸುರಿಯುವ ಅಪಾಯ ಅತಿ ಹೆಚ್ಚು ಇರುವುದು ಮೊದಲ 24 ಗಂಟೆಯಲ್ಲಿ. ಮಜ್ಜಿಗೆ ಕುಡಿಸಿ ಮಲಗಿಸಿದ್ದ ಗಂಟೆಗಳು ಅವೇ.

ಕ್ಲಿಪ್

ರಕ್ತನಾಳಗಳನ್ನು ಎಕ್ಸ್-ರೇಯಲ್ಲಿ ನೋಡಬಹುದು ಅಂತ ತೋರಿಸಿದವನು ಪೋರ್ಚುಗಲ್ಲಿನ ಎಗಾಸ್ ಮೊನಿಜ್, 1927ರಲ್ಲಿ. ಹತ್ತು ವರ್ಷದ ಮೇಲೆ, 1937ರ ಮಾರ್ಚಿನಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು ಒಂದು ಉಬ್ಬಿನ ಕತ್ತಿಗೆ ಬೆಳ್ಳಿಯ ಪುಟ್ಟ ಕ್ಲಿಪ್ ಹಾಕಿದ. ಅನ್ಯೂರಿಸಂ ಅನ್ನು ಹೀಗೆ ಕ್ಲಿಪ್ ಮಾಡಿದ್ದು ಅದೇ ಮೊದಲು. ವಿಚಿತ್ರ ನೋಡಿ, ಆ ರೋಗಿಗೂ ಮೂರನೇ ನರವೇ ಸೋತಿತ್ತು, ಉಬ್ಬು ಇದ್ದದ್ದೂ ಅದೇ ಕೊಂಡಿಯ ಬುಡದಲ್ಲಿ. ದೇವಸುಗೂರಿನ ಚಿಕ್ಕಮ್ಮನ ಸ್ಕ್ಯಾನಿನಲ್ಲಿ ಕಂಡದ್ದೂ ಅಂಥದ್ದೇ.

ಕ್ಲಿಪ್ಪಿನ ತತ್ವ ಸರಳ. ಬಟ್ಟೆ ಒಣಹಾಕುವ ಕ್ಲಿಪ್ಪನ್ನು ನೆನಪಿಸಿಕೊಳ್ಳಿ. ಉಬ್ಬಿನ ಕತ್ತಿಗೆ ಅಡ್ಡಲಾಗಿ ಅದನ್ನು ಕಚ್ಚಿಸಿದರೆ ಗುಳ್ಳೆಗೆ ರಕ್ತ ಹೋಗುವುದಿಲ್ಲ, ಮುಖ್ಯ ನಾಳದಲ್ಲಿ ಹರಿವು ಮೊದಲಿನಂತೆ ಇರುತ್ತದೆ. ಹೇಳಿದಷ್ಟು ಸುಲಭ ಮಾಡೋದಲ್ಲ. ಕಿವಿಯ ಮೇಲಿನ ಭಾಗದಲ್ಲಿ ಬುರುಡೆಯ ಒಂದು ಹಲಗೆಯನ್ನು ಬಿಡಿಸುತ್ತಾರೆ. ಮೆದುಳನ್ನು ಕೊಯ್ಯುವುದಿಲ್ಲ, ಅದರ ಎರಡು ಹಾಲೆಗಳ ನಡುವಿನ ಸಹಜ ಸೀಳನ್ನೇ ಮೈಕ್ರೋಸ್ಕೋಪಿನ ಕೆಳಗೆ ಬಿಡಿಸಿಕೊಂಡು ತಳಕ್ಕೆ ಇಳಿಯುತ್ತಾರೆ. ಈ ಮೈಕ್ರೋಸ್ಕೋಪ್ ವಿದ್ಯೆಯನ್ನು ಜ್ಯೂರಿಕ್‌ನಲ್ಲಿ ಬೆಳೆಸಿದವರು ಟರ್ಕಿ ಮೂಲದ ಗಾಜಿ ಯಾಶರ್ಗಿಲ್.

ಗೆಳೆಯನ ಅಪ್ಪನ ಶಟ್‌ಡೌನ್ ಪ್ರಶ್ನೆಗೆ ಉತ್ತರ ಇಲ್ಲಿದೆ. ಪೂರ್ತಿ ಶಟ್‌ಡೌನ್ ಇಲ್ಲ, ಆದರೆ ಐಸೋಲೇಷನ್ ವಾಲ್ವ್ ಇದೆ. ಉಬ್ಬಿನ ಹಿಂದಿನ ನಾಳಕ್ಕೆ ಕಡಿಮೆ ಬಿಗಿಯ ತಾತ್ಕಾಲಿಕ ಕ್ಲಿಪ್ ಹಾಕಿ ಕೆಲವೇ ನಿಮಿಷ ಹರಿವು ನಿಲ್ಲಿಸುತ್ತಾರೆ. ಗುಳ್ಳೆ ಮೆತ್ತಗಾಗುತ್ತದೆ. ಅಷ್ಟರಲ್ಲಿ ಖಾಯಂ ಕ್ಲಿಪ್ ಕೂರಿಸಿ ತಾತ್ಕಾಲಿಕದ್ದನ್ನು ತೆಗೆಯಬೇಕು. ಅರಿವಳಿಕೆ ತಜ್ಞರು ಪಕ್ಕದಲ್ಲಿ ನಿಮಿಷ ಎಣಿಸುತ್ತಿರುತ್ತಾರೆ. ಆಮೇಲೆ ಹೊಳೆಯುವ ಹಸಿರು ಬಣ್ಣದ ದ್ರವವನ್ನು ರಕ್ತಕ್ಕೆ ಬಿಟ್ಟು, ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಎಲ್ಲಾ ಕವಲಿಗೂ ರಕ್ತ ಹೋಗುತ್ತಿದೆಯಾ, ಗುಳ್ಳೆ ಕತ್ತಲಾಗಿದೆಯಾ ಅಂತ ನೋಡುತ್ತಾರೆ. ಲೀಕ್ ಟೆಸ್ಟ್ ಅಂತಲೇ ಅನ್ನಿ.

ಕಾಯಿಲ್

ಗುಳ್ಳೆಗೆ ಹೊರಗಿನಿಂದ ಹೋಗುವ ಬದಲು ಒಳಗಿನಿಂದಲೇ ಹೋದರೆ? ತೊಡೆಯ ಅಥವಾ ಮಣಿಕಟ್ಟಿನ ನಾಳದಿಂದ ಸಣ್ಣ ಕೊಳವೆ ತೂರಿಸಿ, ಎದೆ, ಕುತ್ತಿಗೆ ದಾಟಿ ತಲೆಯವರೆಗೆ ಒಯ್ದು, ಗುಳ್ಳೆಯೊಳಗೆ ಪ್ಲಾಟಿನಂ ತಂತಿಯ ಸುರುಳಿಗಳನ್ನು ಒಂದರ ಮೇಲೊಂದು ತುಂಬುತ್ತಾರೆ. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಿ ಗುಳ್ಳೆ ಮುಚ್ಚುತ್ತದೆ.

ಕಷ್ಟ ಇದ್ದದ್ದು ಸುರುಳಿಯನ್ನು ಬಿಡಿಸುವುದರಲ್ಲಿ. ತಳ್ಳುವ ತಂತಿಗೆ ಅಂಟಿಕೊಂಡಿರುವ ಸುರುಳಿ ಸರಿಯಾಗಿ ಕೂತಿದೆ ಅನ್ನಿಸಿದ ಮೇಲೆ, ಎಳೆದಾಡದೆ ಅದನ್ನು ಬೇರ್ಪಡಿಸುವುದು ಹೇಗೆ? ಇಟಲಿಯ ಗೀಡೊ ಗುಲ್ಯೆಲ್ಮಿ ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಉತ್ತರ ಕಂಡುಕೊಂಡರು. ತಳ್ಳುವ ತಂತಿ ಸ್ಟೇನ್‌ಲೆಸ್ ಸ್ಟೀಲಿನದು, ಸುರುಳಿ ಪ್ಲಾಟಿನಂದು. ರಕ್ತವೇ ಎಲೆಕ್ಟ್ರೋಲೈಟ್. ತಂತಿಗೆ ಸಣ್ಣ ಧನ ವಿದ್ಯುತ್ ಕೊಟ್ಟರೆ ಸೇರುವ ಜಾಗದ ಸ್ಟೀಲು ಆನೋಡಿನಂತೆ ಕರಗುತ್ತದೆ, ಪ್ಲಾಟಿನಂ ಹಾಗೇ ಉಳಿಯುತ್ತದೆ. ಸುರುಳಿ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಲಾಸ್ ಏಂಜಲೀಸ್‌ನಲ್ಲಿ 1990ರಲ್ಲಿ ಇದನ್ನು ಮೊದಲ ಸಲ ರೋಗಿಯ ಮೇಲೆ ಬಳಸಿದರು. ಕೆಮಿಸ್ಟ್ರಿ ಲ್ಯಾಬಿನಲ್ಲಿ "ಇದೆಲ್ಲಾ ಎಲ್ಲಿ ಉಪಯೋಗ ಸಾರ್" ಅಂತ ಕೇಳಿದ ನಮ್ಮ ಬ್ಯಾಚಿನವರಿಗೆ ಇದು ತಡವಾಗಿ ಸಿಕ್ಕ ಉತ್ತರ.

ಹಾಗಾದರೆ ಕ್ಲಿಪ್ಪೋ, ಕಾಯಿಲೋ? 2002ರಲ್ಲಿ ಪ್ರಕಟವಾದ ಐಸ್ಯಾಟ್ ಅಧ್ಯಯನದಲ್ಲಿ, ಉಬ್ಬು ಒಡೆದ 2143 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ವರ್ಷದ ನಂತರ ಸತ್ತವರು ಅಥವಾ ಬೇರೆಯವರ ಮೇಲೆ ಅವಲಂಬಿತರಾದವರು ಕಾಯಿಲ್ ಗುಂಪಿನಲ್ಲಿ ಶೇ. 23.7, ಕ್ಲಿಪ್ ಗುಂಪಿನಲ್ಲಿ ಶೇ. 30.6. ಅಲ್ಲಿಂದ ಕಾಯಿಲ್ ಮುಂದೆ ಬಂತು. ಆದರೆ ಇದನ್ನು ಮ್ಯಾಚ್ ಸ್ಕೋರಿನ ಹಾಗೆ ಓದಬಾರದು. ಆ ಅಧ್ಯಯನಕ್ಕೆ ಸೇರಿದವರು ಎರಡೂ ವಿಧಾನಕ್ಕೆ ಹೊಂದುವಂಥ ರೋಗಿಗಳು ಮಾತ್ರ. ಉಬ್ಬಿನ ಕತ್ತು ಅಗಲವಿದ್ದರೆ ಸುರುಳಿ ಜಾರಿ ಹೊರಬರುತ್ತದೆ. ಕಾಯಿಲ್ ಹಾಕಿದ್ದು ಕಾಲಕ್ರಮೇಣ ಒತ್ತಿಕೊಂಡು ಉಬ್ಬು ಮತ್ತೆ ತೆರೆದುಕೊಳ್ಳುವುದೂ ಹೆಚ್ಚು. ಕ್ಲಿಪ್ ಬಾಳಿಕೆ ಬರುತ್ತದೆ. ಹಿಂಭಾಗದ, ತಲುಪಲು ಕಷ್ಟವಾದ ನಾಳಗಳಿಗೆ ಕಾಯಿಲ್ ಒಳ್ಳೆಯದು; ಪಕ್ಕದ ಮಧ್ಯ ಮೆದುಳಿನ ನಾಳದ ಕವಲಿಗೆ ಅನೇಕ ಸಲ ಕ್ಲಿಪ್ಪೇ ಸರಿ. ಗೇಮ್ ಆಫ್ ಥ್ರೋನ್ಸ್ ನೋಡಿದವರಿಗೆ ಗೊತ್ತಿರಬಹುದು, ಅದರ ನಟಿ ಎಮಿಲಿಯಾ ಕ್ಲಾರ್ಕ್‌ಗೆ 2011ರಲ್ಲಿ ಒಂದು ಉಬ್ಬು ಒಡೆದು ಕಾಯಿಲ್ ಹಾಕಿದರು. 2013ರಲ್ಲಿ ಇನ್ನೊಂದು ಉಬ್ಬಿಗೆ ಒಳಗಿನಿಂದಲೇ ಚಿಕಿತ್ಸೆ ಮಾಡಲು ಹೋಗಿ ರಕ್ತಸ್ರಾವವಾಗಿ, ಕೊನೆಗೆ ಬುರುಡೆ ತೆರೆಯಬೇಕಾಯಿತು. 2019ರಲ್ಲಿ ಅವರೇ ಇದನ್ನು ಬರೆದುಕೊಂಡಿದ್ದಾರೆ. ಒಬ್ಬರ ತಲೆಯಲ್ಲೇ ಎರಡೂ ದಾರಿ.

ಮೂರನೆಯದು ಫ್ಲೋ ಡೈವರ್ಟರ್. ಗುಳ್ಳೆಯನ್ನು ಮುಟ್ಟುವುದೇ ಇಲ್ಲ. ಮುಖ್ಯ ನಾಳದಲ್ಲಿ ಒತ್ತಾಗಿ ಹೆಣೆದ ಲೋಹದ ಜಾಳಿಗೆಯ ಕೊಳವೆ ಕೂರಿಸುತ್ತಾರೆ. ರಕ್ತ ನೇರ ಹರಿಯುತ್ತದೆ, ಗುಳ್ಳೆಯೊಳಗೆ ಸುಳಿ ನಿಲ್ಲುತ್ತದೆ, ತಿಂಗಳುಗಳಲ್ಲಿ ಅದು ತಾನೇ ಮುಚ್ಚಿಕೊಳ್ಳುತ್ತದೆ. ಹೊರದೇಶದ್ದು ಲಕ್ಷಗಟ್ಟಲೆ ಬೆಲೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಇದರ ದೇಶಿ ರೂಪವನ್ನು ಅಭಿವೃದ್ಧಿಪಡಿಸಿದೆ. ಅದರ ನಿಟಿನಾಲ್ ಮಿಶ್ರಲೋಹದ ಕೆಲಸದಲ್ಲಿ ಕೈಜೋಡಿಸಿದ್ದು ನಮ್ಮ ಬೆಂಗಳೂರಿನ ಎನ್‌ಎಎಲ್. ಹೌದು, ವಿಮಾನದವರೇ.

ಅಂದಹಾಗೆ ಒಂದು ಗೊಂದಲ ಬಿಡಿಸಬೇಕು. ಮೈಸೂರಿನಲ್ಲಿ ಹುಟ್ಟಿದ ಸದ್ಗುರು ಜಗ್ಗಿ ವಾಸುದೇವ್ ಅವರಿಗೆ 2024ರ ಮಾರ್ಚಿನಲ್ಲಿ ದೆಹಲಿಯಲ್ಲಿ ತಲೆಯ ಆಪರೇಷನ್ ಆದಾಗ ನಮ್ಮ ಗ್ರೂಪುಗಳಲ್ಲಿ ಅದೂ ಅನ್ಯೂರಿಸಂ ಅಂತ ಓಡಾಡಿತ್ತು. ಅಲ್ಲ. ಅದು ಬುರುಡೆ ಮತ್ತು ಮೆದುಳಿನ ನಡುವೆ ಸೇರಿಕೊಂಡ ರಕ್ತವನ್ನು ಹೊರತೆಗೆದದ್ದು. ಕಾಯಿಲೆಯೇ ಬೇರೆ.

ಇಕ್ಕಟ್ಟು

ಇನ್ನು ಎರಡನೇ ತೊಂದರೆ. ನಾಳ ಉಬ್ಬುವ ಬದಲು ಒಳಗೆ ಕೊಬ್ಬು ಕಟ್ಟಿ ಕಿರಿದಾಗುವುದು.

ಪಾಯ್ಸೆಲ್ ನಿಯಮ ಓದಿದ ಯಾರಾದರೂ ತಕ್ಷಣ ಹೇಳುತ್ತಾರೆ: ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತ, ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೇ ಒಂದು. ನಾವೂ ಹಾಗೇ ಅಂದುಕೊಂಡಿದ್ದೆವು. ಅದು ತಪ್ಪು. ಕಿರಿದಾದದ್ದು ಒಂದೆರಡು ಸೆಂಟಿಮೀಟರ್ ಉದ್ದ ಮಾತ್ರ. ಅದರ ಮುಂದೆ ಸಾವಿರಾರು ಸಣ್ಣ ನಾಳಗಳ ಪ್ರತಿರೋಧ ಸರಣಿಯಲ್ಲಿ ಕೂತಿದೆ, ಒಟ್ಟು ಪ್ರತಿರೋಧದಲ್ಲಿ ದೊಡ್ಡ ಪಾಲು ಅದೇ. ಸಾಲದೆ ಮೆದುಳು ಜಾಣ. ಮೇಲೆ ಒತ್ತಡ ಇಳಿದರೆ ಕೆಳಗಿನ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಹರಿವನ್ನು ಕಾಯ್ದುಕೊಳ್ಳುತ್ತದೆ. ಹಾಗಾಗಿ ಅರ್ಧ ಮುಚ್ಚಿದರೂ ಏನೂ ಗೊತ್ತಾಗದೆ ಇರಬಹುದು. ಸುಮಾರು ಶೇ. 70 ದಾಟಿದ ಮೇಲೆ ಹಿಗ್ಗಲು ಜಾಗ ಉಳಿಯದೆ ಹರಿವು ದಿಢೀರನೆ ಬೀಳುತ್ತದೆ.

ಬಿದ್ದಾಗ ಮೊದಲು ಒಣಗುವುದು ಯಾರು? ಮಾನ್ವಿ ಕಡೆಯ ಗೆಳೆಯರು ನಗುತ್ತಾ ಉತ್ತರ ಹೇಳಿದರು: ಟೇಲ್-ಎಂಡ್‌ನವರು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಕಮ್ಮಿಯಾದರೆ ಮೇಲಿನವರ ಗದ್ದೆ ಹಸಿರಾಗೇ ಇರುತ್ತದೆ, ಮಾನ್ವಿ, ರಾಯಚೂರಿನ ಕೊನೆ ಭಾಗದ ರೈತರು ರಸ್ತೆಗೆ ಇಳಿಯಬೇಕಾಗುತ್ತದೆ. ಮೆದುಳಿನಲ್ಲೂ ಅಷ್ಟೇ. ಎರಡು ದೊಡ್ಡ ನಾಳಗಳ ಹರಹು ಸೇರುವ ಗಡಿಯಲ್ಲಿ, ಇಬ್ಬರಿಗೂ ಕೊನೆಯ ಹೊಲವಾದ ಜಾಗದಲ್ಲಿ, ಜೀವಕೋಶಗಳು ಮೊದಲು ಸಾಯುತ್ತವೆ. ನರತಜ್ಞರು ಇದಕ್ಕೆ ಇಟ್ಟ ಹೆಸರೂ ನೀರಿನದೇ: ವಾಟರ್‌ಶೆಡ್ ಇನ್‌ಫಾರ್ಕ್ಟ್.

ಆದರೆ ಇಕ್ಕಟ್ಟಿನ ಅಪಾಯ ಹರಿವು ಕಡಿಮೆಯಾಗುವುದಷ್ಟೇ ಅಲ್ಲ. ಕೊಬ್ಬಿನ ಗಡ್ಡೆ ಬಿರುಕುಬಿಟ್ಟು ಅದರ ಮೇಲೆ ಕಟ್ಟಿದ ಹೆಪ್ಪಿನ ಚೂರು ಕಿತ್ತು ಮೇಲೆ ಹೋಗಿ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುವುದು ಇನ್ನೂ ಸಾಮಾನ್ಯ. ಕೆಲವು ನಿಮಿಷ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿ ಮತ್ತೆ ಸರಿಹೋದರೆ "ಹೋಯ್ತಲ್ಲ ಬಿಡು" ಅನ್ನುತ್ತೇವೆ. ಅದು ಮುಂದಿನ ದೊಡ್ಡದರ ಸೂಚನೆ.

ಇಕ್ಕಟ್ಟು ಕುತ್ತಿಗೆಯ ಕ್ಯಾರೋಟಿಡ್‌ನಲ್ಲಿದ್ದರೆ ಶಸ್ತ್ರಚಿಕಿತ್ಸೆಗೆ ಗಟ್ಟಿ ಆಧಾರವಿದೆ. ನಾಳವನ್ನು ಸೀಳಿ ಒಳಗಿನ ಕೊಬ್ಬಿನ ಪದರವನ್ನು ಕೆರೆದು ತೆಗೆದು ಹೊಲಿಯುತ್ತಾರೆ. ಲಕ್ಷಣ ಕಂಡ, ಶೇ. 70ಕ್ಕಿಂತ ಹೆಚ್ಚು ಮುಚ್ಚಿದ ರೋಗಿಗಳಲ್ಲಿ, ಎರಡು ವರ್ಷದೊಳಗೆ ಅದೇ ಬದಿಯ ಪಾರ್ಶ್ವವಾಯು ಬರುವ ಪ್ರಮಾಣ ಔಷಧಿ ಮಾತ್ರ ಕೊಟ್ಟಾಗ ಶೇ. 26, ಆಪರೇಷನ್ ಮಾಡಿದಾಗ ಶೇ. 9 ಅಂತ 1991ರ ನಾಸೆಟ್ ಅಧ್ಯಯನ ತೋರಿಸಿತು.

ಅದೇ ತರ್ಕ ತಲೆಬುರುಡೆಯ ಒಳಗಿನ ನಾಳಕ್ಕೆ ಹೊಂದಲಿಲ್ಲ. ನಮ್ಮಂಥವರು ಗಮನಿಸಬೇಕಾದ ಜಾಗ ಇದು. 1967ರಲ್ಲಿ ಯಾಶರ್ಗಿಲ್ ನೆತ್ತಿಯ ಚರ್ಮದ ನಾಳವನ್ನು ಮೆದುಳಿನ ನಾಳಕ್ಕೆ ಜೋಡಿಸಿ ಬೈಪಾಸ್ ಮಾಡಿದರು. ಅದ್ಭುತ ಕೈಚಳಕ. ಬ್ಲಾಕ್ ಇದ್ದ ಕಡೆ ಬೈಪಾಸ್ ಕಾಲುವೆ ತೋಡಿದರೆ ನೀರು ಬರಲೇಬೇಕಲ್ಲ? ಜಗತ್ತಿನಾದ್ಯಂತ ಮಾಡತೊಡಗಿದರು. 1985ರಲ್ಲಿ 1377 ರೋಗಿಗಳ ಅಧ್ಯಯನದ ಫಲಿತಾಂಶ ಬಂತು: ಬೈಪಾಸ್ ಮಾಡಿಸಿಕೊಂಡವರಿಗೆ ಪಾರ್ಶ್ವವಾಯು ಕಡಿಮೆಯಾಗಿರಲಿಲ್ಲ. ಆಮೇಲೆ ಸ್ಟೆಂಟ್ ಬಂತು. ಹೃದಯದಲ್ಲಿ ಕೆಲಸ ಮಾಡುವುದು ಮೆದುಳಿನಲ್ಲಿ ಯಾಕೆ ಮಾಡಲ್ಲ? 2011ರ ಸ್ಯಾಂಪ್ರಿಸ್ ಅಧ್ಯಯನವನ್ನು 451 ಜನರಿಗೇ ನಿಲ್ಲಿಸಬೇಕಾಯಿತು. ಮೂವತ್ತು ದಿನದೊಳಗೆ ಪಾರ್ಶ್ವವಾಯು ಅಥವಾ ಸಾವು ಸ್ಟೆಂಟ್ ಗುಂಪಿನಲ್ಲಿ ಶೇ. 14.7, ಬಿಗಿಯಾದ ಔಷಧೋಪಚಾರದಲ್ಲಿ ಶೇ. 5.8. ಮೆದುಳಿನ ನಾಳದಿಂದ ಕೂದಲಿನಷ್ಟು ಸಣ್ಣ ಕವಲುಗಳು ಹೊರಡುತ್ತವೆ. ಸ್ಟೆಂಟ್ ಹಿಗ್ಗಿಸುವಾಗ ಕೊಬ್ಬು ಅವುಗಳ ಬಾಯಿಗೆ ತಳ್ಳಲ್ಪಡುತ್ತದೆ. ಕಾಲುವೆ ಅಗಲ ಮಾಡಲು ಹೋಗಿ ತೂಬುಗಳಿಗೆಲ್ಲಾ ಮಣ್ಣು ತುಂಬಿದ ಹಾಗೆ. ಇವತ್ತು ತಲೆಯೊಳಗಿನ ಇಕ್ಕಟ್ಟಿಗೆ ಬಹುಪಾಲು ರೋಗಿಗಳಿಗೆ ಮೊದಲ ಚಿಕಿತ್ಸೆ ಮಾತ್ರೆಗಳೇ: ರಕ್ತ ತೆಳುವಾಗಿಸುವುದು, ಕೊಲೆಸ್ಟ್ರಾಲ್ ಇಳಿಸುವುದು, ಬಿಪಿ, ಸಕ್ಕರೆ ಹಿಡಿತದಲ್ಲಿಡುವುದು.

ಬೈಪಾಸ್ ಪೂರ್ತಿ ಸತ್ತಿಲ್ಲ. ಮೊಯಾಮೊಯಾ ಅಂತ ಒಂದು ಕಾಯಿಲೆ. ವಿಲ್ಲಿಸ್ ವೃತ್ತದ ನಾಳಗಳು ನಿಧಾನಕ್ಕೆ ಮುಚ್ಚಿಕೊಂಡು, ಪಕ್ಕದಲ್ಲಿ ಎಳೆಎಳೆಯಾಗಿ ಹೊಸ ನಾಳಗಳು ಬೆಳೆಯುತ್ತವೆ. ಆಂಜಿಯೋಗ್ರಾಮಿನಲ್ಲಿ ಹೊಗೆಯ ಹಾಗೆ ಕಾಣುವುದರಿಂದ ಜಪಾನೀಯರು ಆ ಹೆಸರಿಟ್ಟರು. ಮಕ್ಕಳಿಗೂ ಬರುತ್ತದೆ. ಅವರಿಗೆ ಬೈಪಾಸ್ ನಿಜವಾಗಿ ನೆರವಾಗುತ್ತದೆ. ಇದರಲ್ಲಿ ಒಂದು ವಿಧಾನ ನಮಗೆ ಬಹಳ ಹಿಡಿಸಿತು: ನೆತ್ತಿಯ ನಾಳವನ್ನು ಮೆದುಳಿನ ನಾಳಕ್ಕೆ ಹೊಲಿಯುವುದೂ ಇಲ್ಲ, ಸುಮ್ಮನೆ ಮೆದುಳಿನ ಮೇಲೆ ಮಲಗಿಸಿ ಬರುತ್ತಾರೆ. ಬಾಯಾರಿದ ಮೆದುಳು ತಿಂಗಳುಗಳಲ್ಲಿ ತಾನೇ ಅದರಿಂದ ಹೊಸ ನಾಳಗಳನ್ನು ಎಳೆದುಕೊಳ್ಳುತ್ತದೆ.

ದಾರಿ

ದೇವಸುಗೂರಿನಿಂದ ರಾಯಚೂರು ಇಪ್ಪತ್ತು ಕಿ.ಮೀ. ಆಸುಪಾಸು. ಹೈದರಾಬಾದ್ ಇನ್ನೂರರ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್ ನಾನೂರು ದಾಟುತ್ತದೆ. ದೇವದುರ್ಗದ ಒಳಗಿನ ಹಳ್ಳಿಯವರು ಮೊದಲು ರಾಯಚೂರಿಗೇ ಬರಬೇಕು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಧರಣಿ ಶುರುವಾದದ್ದನ್ನು ಪೇಪರಿನಲ್ಲಿ ಓದಿ ಪುಟ ತಿರುವಿದ್ದೆವು. ರಕ್ತ ನಿಂತ ಮೆದುಳಿನ ಭಾಗದಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ಓದಿದ ಮೇಲೆ ಆ ಕಿಲೋಮೀಟರುಗಳು ಬೇರೆ ರೀತಿ ಕಾಣುತ್ತವೆ.

ಆದ್ದರಿಂದ ಮೊದಲ ಗುರಿ ದೊಡ್ಡ ಊರಲ್ಲ, ಹತ್ತಿರದ ಸಿಟಿ ಸ್ಕ್ಯಾನ್. 108ಕ್ಕೆ ಫೋನ್ ಮಾಡಿ, ರಕ್ತಸ್ರಾವವೋ ಬ್ಲಾಕೋ ಅಂತ ಮೊದಲು ತಿಳಿಯಬೇಕು. ಹೊರಗಿನಿಂದ ನೋಡಿ ಹೇಳಲು ಬರಲ್ಲ, ಚಿಕಿತ್ಸೆ ಮಾತ್ರ ಒಂದಕ್ಕೊಂದು ಪೂರ್ತಿ ಉಲ್ಟಾ. ಬ್ಲಾಕ್ ಆದವರಿಗೆ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ರಕ್ತ ಸುರಿಯುತ್ತಿರುವವರಿಗೆ ಅದು ವಿಷ. ಅದಕ್ಕೇ ಮನೆಯಲ್ಲಿ ಹಾರ್ಟಿನ ಮಾತ್ರೆ ಅಂತ ಇರುವ ಆಸ್ಪಿರಿನ್ ನುಂಗಿಸಬಾರದು. ಸ್ಕ್ಯಾನ್ ಆದ ಮೇಲೆ, ಮುಂದಿನ ಆಸ್ಪತ್ರೆಯಲ್ಲಿ ಕ್ಲಿಪ್ ಅಥವಾ ಕಾಯಿಲ್ ಮಾಡುವವರು ಇವತ್ತು ಇದ್ದಾರಾ ಅಂತ ಫೋನಿನಲ್ಲಿ ಕೇಳಿಕೊಂಡು ಹೊರಡಬೇಕು. ಒಂದು ದೊಡ್ಡ ಊರಿಗೆ ಹೋಗಿ ಅಲ್ಲಿಂದ ಇನ್ನೊಂದಕ್ಕೆ ಅಲೆದವರ ಕತೆಗಳು ನಮ್ಮ ಕ್ಲಾಸಿನಲ್ಲೇ ಎರಡಿವೆ.

ದುಡ್ಡಿನ ಮಾತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾದದ್ದು ಮೊದಲು ನಮ್ಮ ಕಲಬುರಗಿ ವಿಭಾಗದಲ್ಲೇ, ಅದರಲ್ಲಿ ನರರೋಗವೂ ಇತ್ತು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂದಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಕಾರ್ಡು, ರೆಫರಲ್ ಕಾಗದಗಳನ್ನು ಹುಡುಕುವುದು ಆಂಬುಲೆನ್ಸ್ ಬಂದಮೇಲೆ ಆಗಬಾರದು.

ಚಿಕ್ಕಮ್ಮನನ್ನು ಆ ರಾತ್ರಿಯೇ ಕೃಷ್ಣೆ ದಾಟಿಸಿದರು. ಮರುದಿನ ಕ್ಲಿಪ್ ಹಾಕಿದರು. ಆಪರೇಷನ್ ಮುಗಿದರೆ ಗೆದ್ದಂತೆ ಅಂತ ಮನೆಯವರು ಅಂದುಕೊಂಡಿದ್ದರು, ಆದರೆ ಡಾಕ್ಟರು ಎರಡು ವಾರ ಬಿಡಲಿಲ್ಲ. ಚೆಲ್ಲಿದ ರಕ್ತ ಕರಗುವಾಗ ಸುತ್ತಲ ನಾಳಗಳನ್ನು ಕೆರಳಿಸಿ ಸೆಟೆದುಕೊಳ್ಳುವಂತೆ ಮಾಡುತ್ತದೆ. ನಾಲ್ಕನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಆ ಭಯ. ಉಬ್ಬಿನಿಂದ ಶುರುವಾದದ್ದು ಇಕ್ಕಟ್ಟಿನಲ್ಲಿ ಕೊಲ್ಲಬಹುದು. ಅದಕ್ಕೆ ನಿಮೋಡಿಪಿನ್ ಅನ್ನುವ ಮಾತ್ರೆ, ನಾಲ್ಕು ಗಂಟೆಗೊಮ್ಮೆ, 21 ದಿನ, ರಾತ್ರಿಯೂ ಬಿಡದೆ. ಗೆಳೆಯ ಸೆಮಿಸ್ಟರ್ ಪರೀಕ್ಷೆ ಬಿಟ್ಟು ಆಸ್ಪತ್ರೆ ವರಾಂಡದಲ್ಲಿ ಮೊಬೈಲ್ ಅಲಾರಂ ಇಟ್ಟುಕೊಂಡು ಕೂತಿದ್ದು ಈ ಮಾತ್ರೆಗೇ. ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದವು, ಆಮೇಲೆ ತೆಗೆದ.

ಈಗ ಅವರು ಮತ್ತೆ ಕೊಡ ಹೊರುವುದಿಲ್ಲ, ಉಳಿದ ಕೆಲಸ ಮಾಡುತ್ತಾರೆ. ರೆಪ್ಪೆ ಏಳಲು ನಾಲ್ಕು ತಿಂಗಳು ಹಿಡಿಯಿತು, ಪಾಪೆ ಇನ್ನೂ ಸ್ವಲ್ಪ ದೊಡ್ಡದೇ ಇದೆ. ಕ್ಲಿಪ್ ಟೈಟಾನಿಯಂದು. ಹಿಂದಿನ ಕಾಲದ ಕೆಲವು ಕ್ಲಿಪ್ಪುಗಳು ಆಯಸ್ಕಾಂತಕ್ಕೆ ಎಳೆಯುವಂಥ ಸ್ಟೀಲಿನವು. 1990ರ ದಶಕದಲ್ಲಿ ಎಂಆರ್‌ಐ ಯಂತ್ರದ ಹತ್ತಿರ ಅಂಥ ಕ್ಲಿಪ್ ತಲೆಯೊಳಗೇ ಕದಲಿ ರೋಗಿ ಸತ್ತದ್ದು ವರದಿಯಾಗಿದೆ. ಹಾಗಾಗಿ ಡಿಸ್ಚಾರ್ಜ್ ಮಾಡುವಾಗ ಕ್ಲಿಪ್ಪಿನ ಹೆಸರು, ಲೋಹ, ನಂಬರ್ ಇರುವ ಒಂದು ಸಣ್ಣ ಕಾರ್ಡ್ ಕೊಟ್ಟು, ಮುಂದೆ ಯಾವುದೇ ಸ್ಕ್ಯಾನಿಗೆ ಹೋದರೂ ತೋರಿಸಿ ಅಂದಿದ್ದಾರೆ. ಅದನ್ನು ಅವರು ಪ್ಲಾಸ್ಟಿಕ್ ಕವರಿಗೆ ಹಾಕಿ ರೇಷನ್ ಕಾರ್ಡಿನ ಜೊತೆ ದೇವರ ಗೂಡಿನಲ್ಲಿ ಇಟ್ಟಿದ್ದಾರೆ.